ತೊಗರಿ ಮಾರಿದ ರೊಕ್ಕ, ಪಣಜಿಯ ಕ್ಯಾಸಿನೊ, ಮಲಕ್‌ಪೇಟೆಯ ಕುದುರೆ

ಪ್ರಶ್ನೆ: ಸರ್, ನಾವು ಜೇವರ್ಗಿ ಕಡೆಯ ನಾಲ್ವರು ಗೆಳೆಯರು. ವಯಸ್ಸು 28ರಿಂದ 35ರ ಒಳಗೆ. ತೊಗರಿ ಮಾರಿದ ಮೇಲೆ ಕೈಯಲ್ಲಿ ಸ್ವಲ್ಪ ರೊಕ್ಕ ಇದೆ. ಗೋವಾಕ್ಕೆ ಹೋಗಿ ಒಂದೆರಡು ರಾತ್ರಿ ಕ್ಯಾಸಿನೊ ನೋಡಿ, ಅಲ್ಲೇ ಕುದುರೆ ರೇಸನ್ನೂ ನೋಡಿಕೊಂಡು ಬರಬೇಕು ಅಂತ ಆಸೆ. ಎಷ್ಟು ರೊಕ್ಕ ಒಯ್ಯಬೇಕು? ಯಾವ ಆಟ ಆಡಿದರೆ ಒಳ್ಳೆಯದು? ಗೆದ್ದರೆ ತೆರಿಗೆ ಎಷ್ಟು ಹೋಗುತ್ತದೆ? ಇನ್ನೊಂದು ಮಾತು, ನಮ್ಮಲ್ಲಿ ಒಬ್ಬ ಹಿಂದೆ ಮೊಬೈಲ್ ರಮ್ಮಿಯಲ್ಲಿ ಬಹಳ ಕಳೆದುಕೊಂಡಿದ್ದಾನೆ. ಅವನನ್ನೂ ಕರೆದುಕೊಂಡು ಹೋಗಬಹುದಾ?

ಉತ್ತರ: ಮೊದಲು ರೇಸಿನ ವಿಷಯ ಮುಗಿಸಿಬಿಡುತ್ತೇನೆ, ಯಾಕಂದರೆ ನಿಮ್ಮ ಪ್ಲಾನ್ ಅರ್ಧ ಅದರ ಮೇಲೆ ನಿಂತಿದೆ. ಗೋವಾದಲ್ಲಿ ರೇಸ್ ಕೋರ್ಸ್ ಇಲ್ಲ. ಕ್ಯಾಸಿನೊ ಇದೆ, ಕುದುರೆ ಇಲ್ಲ. ಮುಂಬೈಯಲ್ಲಿ ಇದರ ಉಲ್ಟಾ. ಸಮುದ್ರದ ಹತ್ತಿರವೇ 1883ರಿಂದ ಮಹಾಲಕ್ಷ್ಮಿ ರೇಸ್ ಕೋರ್ಸ್ ಇದೆ, ಆದರೆ ಕ್ಯಾಸಿನೊ ಇಲ್ಲ. ಮಹಾರಾಷ್ಟ್ರ 1976ರಲ್ಲೇ ಕ್ಯಾಸಿನೊ ಕಾಯ್ದೆ ಮಾಡಿಟ್ಟಿತ್ತು, ಅದು ಒಂದು ದಿನವೂ ಜಾರಿಗೆ ಬರಲಿಲ್ಲ, 2023ರಲ್ಲಿ ಅದನ್ನೇ ರದ್ದು ಮಾಡಿದರು. ಸಮುದ್ರ, ಕ್ಯಾಸಿನೊ, ಕುದುರೆ ಮೂರೂ ಒಂದೇ ಊರಲ್ಲಿ ಅನ್ನುವ ಚಿತ್ರ ಬಂದಿರುವುದು ಹೊರದೇಶದಿಂದ. ಅಲ್ಲೂ ಅದು ಕರಗುತ್ತಿದೆ. ಮಕಾವ್‌ನಲ್ಲಿ 2024ರ ಮಾರ್ಚ್ ಕೊನೆಗೆ ಕುದುರೆ ರೇಸ್ ನಿಂತಿತು. ಅಮೆರಿಕದ ಅಟ್ಲಾಂಟಿಕ್ ಸಿಟಿಯ ರೇಸ್ ಕೋರ್ಸ್ 2015ರಲ್ಲೇ ಬಾಗಿಲು ಹಾಕಿತು. ಹಾಗಾಗಿ ಎರಡನ್ನೂ ನೋಡಬೇಕು ಅಂದರೆ ಎರಡು ಬೇರೆ ಪ್ರವಾಸ ಮಾಡಿ. ಕ್ಯಾಸಿನೊಗೆ ಪಣಜಿ, ಕುದುರೆಗೆ ಹೈದರಾಬಾದಿನ ಮಲಕ್‌ಪೇಟೆ. ನಮ್ಮ ಕಡೆಯವರಿಗೆ ಮಲಕ್‌ಪೇಟೆಯೇ ಹತ್ತಿರ, ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ನಾನು ಕಲಬುರಗಿಯಲ್ಲಿ ತೆರಿಗೆ ಲೆಕ್ಕ ನೋಡುವವನು. ಪಣಜಿಯ ಹಡಗುಗಳನ್ನೂ ಮಲಕ್‌ಪೇಟೆಯ ಮೈದಾನವನ್ನೂ ನೋಡಿದ್ದೇನೆ, ಅಲ್ಲಿಂದ ಬಂದವರ ಕಾಗದಗಳನ್ನು ಅದಕ್ಕಿಂತ ಜಾಸ್ತಿ ನೋಡಿದ್ದೇನೆ. ನೀವು "ಯಾವ ಆಟ" ಅಂತ ಕೇಳಿದ್ದೀರಿ, ಎಲ್ಲರೂ ಅದನ್ನೇ ಕೇಳುತ್ತಾರೆ. ಆದರೆ ಯಾವ ಆಟ ಅನ್ನುವುದು ಸಣ್ಣ ಪ್ರಶ್ನೆ. ಎಷ್ಟು ರೊಕ್ಕವನ್ನು ಚಿಪ್, ಅಂದರೆ ಮೇಜಿನ ಮೇಲೆ ರೊಕ್ಕದ ಬದಲು ನಡೆಯುವ ಬಿಲ್ಲೆ, ಮಾಡಿಸುತ್ತೀರಿ ಅನ್ನುವುದು ದೊಡ್ಡ ಪ್ರಶ್ನೆ. ಯಾಕೆ ಅಂತ ಹೇಳುತ್ತೇನೆ.

ಗೋವಾದ ಜೂಜಿನ ಕಾಯ್ದೆ 1976ರದ್ದು. ಅದಕ್ಕೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲ್‌ಗಳಲ್ಲಿ ಯಂತ್ರದ ಆಟಕ್ಕೆ ಅವಕಾಶ ಕೊಟ್ಟರು. 1996ರಲ್ಲಿ ಹಡಗಿನ ಮೇಲೆ ಮೇಜಿನ ಆಟಗಳಿಗೂ ಕೊಟ್ಟರು. ಅದಕ್ಕೇ ಇವತ್ತಿಗೂ ದಡದ ಮೇಲಿನ ಹೋಟೆಲ್ ಕ್ಯಾಸಿನೊ ಬೇರೆ, ಹಡಗಿನ ಕ್ಯಾಸಿನೊ ಬೇರೆ. ಡೀಲರ್ ಎದುರು ಕೂತು ಎಲೆ ಹಂಚಿಸಿಕೊಂಡು ಆಡುವುದು, ಚಕ್ರ ತಿರುಗಿಸುವುದು ನೋಡಬೇಕು ಅಂದರೆ ಹಡಗಿಗೇ ಹೋಗಬೇಕು. ಹಡಗು ಅಂದಕೂಡಲೇ ಸಮುದ್ರದ ನಡುವೆ ತೇಲುತ್ತದೆ ಅಂದುಕೊಳ್ಳಬೇಡಿ. ಡೆಲ್ಟಿನ್ ರಾಯಲ್, ಮೆಜೆಸ್ಟಿಕ್ ಪ್ರೈಡ್, ಬಿಗ್ ಡ್ಯಾಡಿ ಎಲ್ಲ ಪಣಜಿಯ ಮುಂದೆ ಮಾಂಡೋವಿ ನದಿಯಲ್ಲಿ ಲಂಗರು ಹಾಕಿ ನಿಂತಿರುತ್ತವೆ. ಈ ಮಾಂಡೋವಿ ನಮ್ಮ ಮಹದಾಯಿಯೇ. ದಡದ ಜೆಟ್ಟಿಯಿಂದ ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ, ವಾಪಸ್ ಬರಲೂ ಅದೇ ದೋಣಿ.

ಒಳಗೆ ಹೋಗಲು 21 ವರ್ಷ ತುಂಬಿರಬೇಕು. ಗುರುತಿನ ಚೀಟಿ ಮೂಲ ಪ್ರತಿ ಬೇಕು, ಆಧಾರ್ ಜೊತೆಗೆ ಪ್ಯಾನ್ ಕಾರ್ಡನ್ನೂ ಇಟ್ಟುಕೊಳ್ಳಿ. ಗಂಡಸರು ಬರ್ಮುಡಾ, ಚಪ್ಪಲಿ ಹಾಕಿಕೊಂಡು ಹೋದರೆ ಬಾಗಿಲಲ್ಲೇ ತಡೆಯಬಹುದು. ಆಟದ ಮೇಜುಗಳ ಹತ್ತಿರ ಫೋಟೊ, ವಿಡಿಯೊ ತೆಗೆಯುವ ಹಾಗಿಲ್ಲ. ಇನ್ನೊಂದು ವಿಷಯ ನಿಮಗೆ ಗೊತ್ತಿರಲಿ: 2020ರ ಫೆಬ್ರುವರಿ 1ರಿಂದ ಗೋವಾದ ಸ್ಥಳೀಯರೇ ಈ ಕ್ಯಾಸಿನೊಗಳಲ್ಲಿ ಆಡುವಂತಿಲ್ಲ. ಲೈಸೆನ್ಸ್ ಕೊಡುವ ಸರಕಾರವೇ ತನ್ನ ಜನ ಒಳಗೆ ಹೋಗಬಾರದು ಅಂತ ನಿಯಮ ಮಾಡಿದೆ. ಆ ಹಡಗುಗಳಲ್ಲಿ ಆಡುವವರು ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ, ಗುಜರಾತಿನಂಥ ಹೊರಗಿನ ಊರುಗಳ ನಿಮ್ಮಂಥವರು. ಆ ಊರಿನ ಮನೆಗಳಿಗೆ ಕಂಡ ಅಪಾಯ ನಮ್ಮ ಮನೆಗಳಿಗೂ ಇದೆ ಅಲ್ವಾ? ಹೋಗಬೇಡಿ ಅಂತ ಹೇಳುತ್ತಿಲ್ಲ. ಇದನ್ನು ತಲೆಯಲ್ಲಿಟ್ಟುಕೊಂಡು ಹೋಗಿ.

ಒಳಗೆ ಹೋಗುವುದು ಪ್ಯಾಕೇಜ್ ಲೆಕ್ಕದಲ್ಲಿ. ಪ್ರವೇಶ, ಊಟ, ಕುಡಿಯಲು, ಹಾಡು ಕುಣಿತ ಸೇರಿ ಒಂದು ದರ. ವಾರದ ದಿನ ಕಡಿಮೆ, ಶುಕ್ರವಾರದಿಂದ ಭಾನುವಾರದವರೆಗೆ ಜಾಸ್ತಿ, ಡಿಸೆಂಬರ್ ಕೊನೆಯಲ್ಲಿ ಇನ್ನೂ ಜಾಸ್ತಿ. ಪ್ಯಾಕೇಜಿನ ಜೊತೆ ಒಂದಿಷ್ಟು ಚಿಪ್ ಅಥವಾ ಕೂಪನ್ ಕೊಟ್ಟರೆ ಅದನ್ನು ನಗದು ಅಂತ ಎಣಿಸಬೇಡಿ. ಬಹಳ ಸಲ ಅವು ಒಂದೇ ಸಲ ಆಡಲು ಬರುವ ಚಿಪ್‌ಗಳು, ಕೌಂಟರ್‌ನಲ್ಲಿ ಕೊಟ್ಟು ರೊಕ್ಕ ಮಾಡಿಕೊಳ್ಳಲು ಬರುವುದಿಲ್ಲ, ಅದರಿಂದ ಗೆದ್ದದ್ದು ಮಾತ್ರ ನಿಮ್ಮದು. ರಸ್ತೆ ಮೇಲೆ ನಿಲ್ಲಿಸಿ "ಅರ್ಧ ರೇಟಿಗೆ ಪಾಸ್ ಕೊಡುತ್ತೇನೆ" ಅನ್ನುವವರ ಹತ್ತಿರ ತೆಗೆದುಕೊಳ್ಳಬೇಡಿ. ಕ್ಯಾಸಿನೊದ ಸ್ವಂತ ಕೌಂಟರ್ ದಡದ ಮೇಲೇ ಇರುತ್ತದೆ.

ಈಗ ಚಿಪ್ ವಿಷಯ. ಇದನ್ನು ನಿಧಾನವಾಗಿ ಓದಿ, ನಾಲ್ವರೂ ಓದಿ.

ಕ್ಯಾಸಿನೊ ಚಿಪ್ ಮೇಲೆ 2023ರ ಅಕ್ಟೋಬರ್ 1ರಿಂದ ಶೇ 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40 ಆಯಿತು. ಕ್ಯಾಸಿನೊ ಗಳಿಸಿದ ಲಾಭದ ಮೇಲೆ ಅಲ್ಲ, ನೀವು ಚಿಪ್ ಕೊಳ್ಳಲು ಕೊಟ್ಟ ಪೂರ್ತಿ ರೊಕ್ಕದ ಮೇಲೆ. ನೀವು ಕೊಡುವ 10,000 ರೂಪಾಯಿಯಲ್ಲೇ ತೆರಿಗೆ ಸೇರಿದೆ ಅಂದುಕೊಳ್ಳಿ. ಆಗ ಅದರಲ್ಲಿ 2,857 ರೂಪಾಯಿ ತೆರಿಗೆ, ಆಟಕ್ಕೆ ಉಳಿಯುವುದು 7,143. ಇನ್ನೂ ಒಂದು ಎಲೆ ಬಿದ್ದಿಲ್ಲ, ಚಕ್ರ ತಿರುಗಿಲ್ಲ. ಕೊಟ್ಟ 10,000ಕ್ಕೆ ವಾಪಸ್ ಬರಬೇಕು ಅಂದರೆ ನಿಮ್ಮ ಕೈಲಿರುವ 7,143ರ ಮೇಲೆ ಶೇ 40 ಗೆಲ್ಲಬೇಕು. ಆಮೇಲೆ ತಾನೇ ಲಾಭದ ಮಾತು. ಕೆಲವು ಕಡೆ ಈ ಭಾರದ ಒಂದು ಪಾಲನ್ನು ಕ್ಯಾಸಿನೊ ತಾನೇ ಹೊತ್ತುಕೊಂಡು ಪ್ಯಾಕೇಜಿನಲ್ಲಿ ಹೊಂದಿಸಬಹುದು. ಆದ್ದರಿಂದ ಕೌಂಟರ್‌ನಲ್ಲಿ ಒಂದೇ ಪ್ರಶ್ನೆ ಕೇಳಿ: "ನಾನು 10,000 ಕೊಟ್ಟರೆ, ವಾಪಸ್ ನಗದು ಮಾಡಿಕೊಳ್ಳಲು ಬರುವ ಚಿಪ್ ಎಷ್ಟರದ್ದು ಕೈಗೆ ಕೊಡುತ್ತೀರಿ?" ಉತ್ತರ ಸಂಖ್ಯೆಯಲ್ಲಿ ಬರಬೇಕು. ಸುತ್ತಿ ಬಳಸಿ ಹೇಳಿದರೆ ಇನ್ನೊಮ್ಮೆ ಕೇಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಇದೇ ನಿಯಮದಲ್ಲಿ ಇನ್ನೂ ಎರಡು ಅಂಶ ಇವೆ, ಬಹಳ ಜನಕ್ಕೆ ಗೊತ್ತಿಲ್ಲ. ಗೆದ್ದ ಚಿಪ್‌ನಿಂದಲೇ ಮತ್ತೆ ಆಡಿದರೆ ಅದಕ್ಕೆ ಮತ್ತೆ ಜಿಎಸ್‌ಟಿ ಇಲ್ಲ. ಆದರೆ ಕೊಂಡ ಚಿಪ್ ಆಡದೆ ಹಾಗೇ ವಾಪಸ್ ಕೊಟ್ಟರೆ, ಅದರ ಮೇಲೆ ಲೆಕ್ಕ ಹಾಕಿದ ತೆರಿಗೆ ಕಡಿಮೆಯಾಗುವುದಿಲ್ಲ. "ಮೊದಲೇ 50,000ದ ಚಿಪ್ ತಗೊಂಡು ಇಟ್ಟುಕೊಳ್ಳೋಣ, ಉಳಿದರೆ ವಾಪಸ್ ಕೊಡೋಣ" ಅನ್ನುವ ಲೆಕ್ಕ ಅದಕ್ಕೇ ಕೆಡುತ್ತದೆ. ಸಣ್ಣ ಮೊತ್ತ ತೆಗೆದುಕೊಳ್ಳಿ. ಅದು ಮುಗಿದರೆ ಎರಡನೇ ಸಲ ಕೌಂಟರ್‌ಗೆ ಹೋಗಬೇಡಿ. ಸುಮ್ನೆ ಊಟ ಮಾಡಿ, ಹಾಡು ಕೇಳಿ, ಮೇಲಿನ ಡೆಕ್‌ನಲ್ಲಿ ಕೂತು ಪಣಜಿಯ ದೀಪ ನೋಡಿ. ಪ್ಯಾಕೇಜಿಗೆ ಕೊಟ್ಟ ರೊಕ್ಕದಲ್ಲಿ ಅದೂ ಸೇರಿದೆ.

ಎಷ್ಟು ಅಂತ ಕೇಳಿದಿರಿ. ನನ್ನ ಅಭಿಪ್ರಾಯ ಹೇಳುತ್ತೇನೆ: ಪ್ಯಾಕೇಜ್, ವಸತಿ, ಪ್ರಯಾಣ ಬಿಟ್ಟು ತಲೆಗೆ 5,000 ರೂಪಾಯಿ ಚಿಪ್‌ಗೆ, ಪೂರ್ತಿ ಪ್ರವಾಸಕ್ಕೆ, ರಾತ್ರಿಗೆ ಅಲ್ಲ. ಅದು ಪೂರ್ತಿ ಹೋಯಿತು ಅಂತಲೇ ಮನೆಯಲ್ಲಿ ಹೇಳಿ ಹೊರಡಿ. ಮುಂದಿನ ಹಂಗಾಮಿನ ಬೀಜ ಗೊಬ್ಬರದ ರೊಕ್ಕ, ಬಂಗಾರ ಅಡವಿಟ್ಟಿದ್ದರೆ ಅದರ ಬಡ್ಡಿ, ಮಕ್ಕಳ ಫೀ, ಅಡತಿ ಅಂಗಡಿಯ ಬಾಕಿ, ಇವುಗಳನ್ನು ಮೊದಲು ಕಟ್ಟಿ ಅಥವಾ ಬೇರೆ ಖಾತೆಗೆ ಹಾಕಿ. ಗಂಜ್‌ನಲ್ಲಿ ತೊಗರಿ ಮಾರಿದ ರೊಕ್ಕ ಬಂದ ಖಾತೆಯ ಎಟಿಎಂ ಕಾರ್ಡನ್ನು ಮನೆಯಲ್ಲೇ ಬಿಟ್ಟು ಹೋಗಿ. ಆ ಖಾತೆ ಫೋನಿನ ಯುಪಿಐಗೆ ಜೋಡಿಸಿದ್ದರೆ ಅದನ್ನೂ ತೆಗೆಯಿರಿ, ಇಲ್ಲದಿದ್ದರೆ ಕಾರ್ಡ್ ಬಿಟ್ಟು ಏನು ಪ್ರಯೋಜನ? ರಾತ್ರಿ ಎರಡು ಗಂಟೆಗೆ, ಎರಡು ಪೆಗ್ ಆದ ಮೇಲೆ, "ಇನ್ನೊಂದೇ ಸಲ" ಅನ್ನಿಸಿದಾಗ ರೊಕ್ಕ ಕೈಗೆ ಸಿಗದಂತೆ ಇರಬೇಕು. ಗೆಳೆಯರ ನಡುವೆ ಕೈಗಡ ಇಲ್ಲ ಅಂತಲೂ ಮೊದಲೇ ಮಾತಾಡಿಕೊಳ್ಳಿ.

ಆಟಗಳ ಬಗ್ಗೆ. ಊರಲ್ಲಿ ದೀಪಾವಳಿಗೆ ಗೆಳೆಯರು ಕೂತು ಇಸ್ಪೀಟ್ ಆಡಿದರೆ ಒಬ್ಬ ಕಳೆದದ್ದು ಇನ್ನೊಬ್ಬನ ಜೇಬಿಗೆ ಹೋಗುತ್ತದೆ, ರೊಕ್ಕ ಅದೇ ಚಾಪೆಯ ಮೇಲೆ ಸುತ್ತುತ್ತದೆ. ಕ್ಯಾಸಿನೊದಲ್ಲಿ ನೀವು ಆಡುವುದು ಮನೆಯ ವಿರುದ್ಧ, ಅಂದರೆ ಕ್ಯಾಸಿನೊ ವಿರುದ್ಧ. ಪ್ರತಿ ಆಟದ ನಿಯಮದಲ್ಲೂ ಮನೆಗೆ ಒಂದು ಪಾಲು ಇಟ್ಟೇ ಇರುತ್ತಾರೆ. ಅದರಲ್ಲಿ ಮೋಸ ಇಲ್ಲ, ಲೆಕ್ಕ ಇದೆ. ರೂಲೆಟ್ ಚಕ್ರ ನೋಡಿ. ಒಂದೇ ಸೊನ್ನೆ ಇದ್ದರೆ 37 ಖಾನೆ, ಒಂದು ಸಂಖ್ಯೆಗೆ ಬಾಜಿ ಕಟ್ಟಿ ಗೆದ್ದರೆ 35 ಪಟ್ಟು ಕೊಡುತ್ತಾರೆ. ನ್ಯಾಯವಾಗಿ 36 ಪಟ್ಟು ಬರಬೇಕಿತ್ತು. ಆ ವ್ಯತ್ಯಾಸವೇ ಮನೆಯ ಪಾಲು, ನೂರಕ್ಕೆ 2 ರೂಪಾಯಿ 70 ಪೈಸೆ. ಎರಡು ಸೊನ್ನೆ ಇರುವ ಚಕ್ರದಲ್ಲಿ 38 ಖಾನೆ, ಕೊಡುವುದು ಅದೇ 35 ಪಟ್ಟು, ಮನೆಯ ಪಾಲು ನೂರಕ್ಕೆ 5 ರೂಪಾಯಿ 26 ಪೈಸೆಗೆ ಏರುತ್ತದೆ. ಕೂರುವ ಮೊದಲು ಚಕ್ರದಲ್ಲಿ ಸೊನ್ನೆಯ ಹಸಿರು ಖಾನೆ ಒಂದೇ ಇದೆಯಾ ಎರಡಿದೆಯಾ ಎಣಿಸಿ. ಸುತ್ತಿಗೆ 300 ರೂಪಾಯಿಯಂತೆ ಗಂಟೆಗೆ 40 ಸುತ್ತು ಆಡಿದರೆ ನೀವು ಮೇಜಿಗೆ ಹಾಕಿದ್ದು 12,000 ರೂಪಾಯಿ. ಒಂದು ಸೊನ್ನೆಯ ಚಕ್ರದಲ್ಲಿ ಸರಾಸರಿ 324 ರೂಪಾಯಿ ಹೋಗುತ್ತದೆ, ಎರಡು ಸೊನ್ನೆಯದರಲ್ಲಿ 631. ಕೆಂಪು ಐದು ಸಲ ಬಂತು, ಇನ್ನು ಕಪ್ಪು ಬರಲೇಬೇಕು ಅನ್ನುವುದೆಲ್ಲ ಸುಳ್ಳು. ಹಿಂದೆ ಏನು ಬಂತು ಅನ್ನುವುದು ಚಕ್ರಕ್ಕೆ ನೆನಪಿರುವುದಿಲ್ಲ. ಸೋತಾಗೆಲ್ಲ ಬಾಜಿ ಎರಡು ಪಟ್ಟು ಮಾಡುತ್ತಾ ಹೋಗುವ ಉಪಾಯವೂ ನಡೆಯುವುದಿಲ್ಲ, ಯಾಕಂದರೆ ಪ್ರತಿ ಮೇಜಿಗೆ ಗರಿಷ್ಠ ಮಿತಿ ಬರೆದಿರುತ್ತಾರೆ ಮತ್ತು ನಿಮ್ಮ ಜೇಬಿಗೂ ಮಿತಿ ಇದೆ.

ಅಂದರ್ ಬಾಹರ್ ನಿಮಗೆ ಹೇಳಿಕೊಡಬೇಕಿಲ್ಲ. ಊರಲ್ಲಿ ರೊಕ್ಕ ಹಚ್ಚಿ ಆಡಿದರೆ ಪೊಲೀಸರು ಕೇಸ್ ಹಾಕುವ ಆಟ, ಅಲ್ಲಿ ಲೈಸೆನ್ಸ್ ಇರುವ ಮೇಜಿನ ಮೇಲೆ ನಡೆಯುತ್ತದೆ. ಮೊದಲ ಎಲೆ ಯಾವ ಕಡೆ ಬೀಳುತ್ತದೋ ಆ ಕಡೆ ಗೆಲ್ಲುವ ಸಂಭವ ನೂರಕ್ಕೆ 51.5, ಇನ್ನೊಂದು ಕಡೆ 48.5. ಅದಕ್ಕೇ ಮೊದಲು ಎಲೆ ಬೀಳುವ ಕಡೆ ಗೆದ್ದರೆ ಸಾಮಾನ್ಯವಾಗಿ ನೂರಕ್ಕೆ 90 ಮಾತ್ರ ಕೊಡುತ್ತಾರೆ. ಆ ದರದಲ್ಲಿ ಮೊದಲ ಕಡೆ ಆಡಿದರೆ ನೂರಕ್ಕೆ ಸುಮಾರು 2 ರೂಪಾಯಿ, ಇನ್ನೊಂದು ಕಡೆ ಆಡಿದರೆ 3 ರೂಪಾಯಿ ಮನೆಗೆ. ಬ್ಯಾಕರಾ ಅನ್ನುವ ಎಲೆ ಆಟದಲ್ಲಿ ಪ್ಲೇಯರ್, ಬ್ಯಾಂಕರ್ ಅಂತ ಎರಡು ಕಡೆ. ಬ್ಯಾಂಕರ್ ಕಡೆ ಮನೆಯ ಪಾಲು ನೂರಕ್ಕೆ 1 ರೂಪಾಯಿ ಚಿಲ್ಲರೆ, ಆದರೆ ಎರಡೂ ಕಡೆ ಸಮ ಬರುತ್ತದೆ ಅನ್ನುವ ಟೈ ಬಾಜಿಯಲ್ಲಿ 14 ರೂಪಾಯಿ ದಾಟುತ್ತದೆ. ಎಲೆಗಳ ಮೊತ್ತ 21ಕ್ಕೆ ಹತ್ತಿರ ತರುವ ಬ್ಲ್ಯಾಕ್‌ಜಾಕ್ ಸರಿಯಾಗಿ ಕಲಿತು ಆಡಿದರೆ ಅರ್ಧ ರೂಪಾಯಿಯ ಹತ್ತಿರಕ್ಕೆ ಇಳಿಯುತ್ತದೆ, ಕಲಿಯದೆ ಆಡಿದರೆ ಇಲ್ಲ. ಮೇಜಿನ ಅಂಚಿನಲ್ಲಿ "25 ಪಟ್ಟು, 40 ಪಟ್ಟು" ಅಂತ ಬಣ್ಣದಲ್ಲಿ ಬರೆದ ಹೆಚ್ಚುವರಿ ಬಾಜಿಗಳನ್ನು ಮುಟ್ಟಬೇಡಿ.

ಈಗ ಈ ಅಂಕಿಗಳನ್ನು ಆ ಶೇ 40ರ ಪಕ್ಕ ಇಟ್ಟು ನೋಡಿ. ಒಂದು ಗಂಟೆ ರೂಲೆಟ್‌ನಲ್ಲಿ ಮನೆ ತಿನ್ನುವುದು ಮುನ್ನೂರು ಚಿಲ್ಲರೆ. 10,000ದ ಚಿಪ್ ಮಾಡಿಸಿದ ಕ್ಷಣಕ್ಕೆ ತೆರಿಗೆ ತಿನ್ನುವುದು 2,857. ಅದಕ್ಕೇ ಹೇಳಿದ್ದು, ಯಾವ ಆಟ ಅನ್ನುವುದು ಸಣ್ಣ ಪ್ರಶ್ನೆ.

ಗೆದ್ದರೆ ತೆರಿಗೆ ಏನು? ಒಂದೇ ವ್ಯವಹಾರದಲ್ಲಿ ಗೆಲುವು 10,000 ರೂಪಾಯಿ ದಾಟಿದರೆ ಶೇ 30 ಟಿಡಿಎಸ್, ಅಂದರೆ ರೊಕ್ಕ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿದೇ ಕೊಡಬೇಕು ಅಂತ ಕಾನೂನಿದೆ. ಶೇ 4 ಸೆಸ್ ಸೇರಿಸಿದರೆ ನಿಮ್ಮ ಮೇಲಿನ ತೆರಿಗೆ ಶೇ 31.2. ನಮ್ಮ ರೈತರು ಇಲ್ಲಿ ಎಡವುತ್ತಾರೆ. ತೊಗರಿ ಮಾರಿದ ರೊಕ್ಕಕ್ಕೆ ಆದಾಯ ತೆರಿಗೆ ಇಲ್ಲ, ಅದು ಕೃಷಿ ಆದಾಯ. ಹಾಗಾಗಿ "ನನಗೆ ಬೇರೆ ಆದಾಯವೇ ಇಲ್ಲ, ಮಿತಿಯೊಳಗೇ ಇದ್ದೇನೆ, ಹಿಡಿದ ಟಿಡಿಎಸ್ ರಿಟರ್ನ್ ಹಾಕಿ ವಾಪಸ್ ತರಿಸಿಕೊಡಿ" ಅಂತ ಬರುತ್ತಾರೆ. ಬರುವುದಿಲ್ಲ. ಜೂಜು, ಲಾಟರಿ, ರೇಸಿನ ಗೆಲುವಿಗೆ ಆ ಮೂಲ ವಿನಾಯಿತಿಯ ಮಿತಿ ಅನ್ವಯಿಸುವುದೇ ಇಲ್ಲ, ಮೊದಲ ರೂಪಾಯಿಯಿಂದಲೇ ಶೇ 30. ಸೋತದ್ದನ್ನು ಕಳೆಯಲೂ ಬರುವುದಿಲ್ಲ. ಶನಿವಾರ 60,000 ಗೆದ್ದು ಭಾನುವಾರ 80,000 ಸೋತರೆ ನಿಮ್ಮ ಕೈಯಲ್ಲಿ 20,000 ನಷ್ಟ, ಕಾನೂನಿನ ಕಣ್ಣಲ್ಲಿ 60,000 ಆದಾಯ. ರಿಟರ್ನ್ ಹಾಕುವಾಗ ಐಟಿಆರ್-1 ಫಾರ್ಮ್ ನಡೆಯುವುದಿಲ್ಲ, ಐಟಿಆರ್-2 ಬೇಕು. ಪ್ಯಾನ್ ಕೊಟ್ಟು ಟಿಡಿಎಸ್ ಹಿಡಿದಿದ್ದರೆ ಆ ಮಾಹಿತಿ ಇಲಾಖೆಯ ಹತ್ತಿರ ಇರುತ್ತದೆ, ಮುಚ್ಚಿಡಲು ಹೋಗಬೇಡಿ. ಟಿಡಿಎಸ್ ಹಿಡಿಯದ ಸಣ್ಣ ಗೆಲುವನ್ನೂ ರಿಟರ್ನ್‌ನಲ್ಲಿ ತೋರಿಸಬೇಕು.

ದಾರಿ ಬಗ್ಗೆ ಎರಡು ಮಾತು. ಜೇವರ್ಗಿಯಿಂದ ಸಿಂದಗಿ, ವಿಜಯಪುರ, ಬೆಳಗಾವಿ, ಚೋರ್ಲಾ ಘಾಟ್ ಮೇಲೆ ಪಣಜಿ. ಮಳೆಗಾಲದಲ್ಲಿ ಘಾಟ್ ರಾತ್ರಿ ದಾಟಬೇಡಿ. ಕಾರಲ್ಲಿ ಹೋದರೆ, ಕ್ಯಾಸಿನೊದಲ್ಲಿ ರಾತ್ರಿಯೆಲ್ಲ ಎಚ್ಚರ ಇದ್ದವನು ಮರುದಿನ ಗಾಡಿ ಓಡಿಸಬಾರದು. ಒಂದು ದಿನ ಮಲಗಿ ಎದ್ದು ಹೊರಡಿ.

ಇನ್ನು ಕುದುರೆ. ನನ್ನನ್ನು ಕೇಳಿದರೆ, ನೋಡುವ ಖುಷಿಗೆ ಕ್ಯಾಸಿನೊಕ್ಕಿಂತ ರೇಸೇ ಮೇಲು. ಕಲಬುರಗಿಯಿಂದ ಹೈದರಾಬಾದ್ ಸುಮಾರು 220 ಕಿಲೋಮೀಟರ್. ವಾಡಿ, ತಾಂಡೂರು ಮೇಲೆ ರೈಲು, ಯಾದಗಿರಿಯವರೂ ವಾಡಿಗೆ ಬಂದು ಹಿಡಿಯಬಹುದು, ಬೀದರ್‌ನವರಿಗೆ ಇನ್ನೂ ಹತ್ತಿರ. ಮಲಕ್‌ಪೇಟೆಗೆ ಮೆಟ್ರೊ ನಿಲ್ದಾಣವೇ ಇದೆ. ಈ ಮೈದಾನಕ್ಕೆ ರೇಸ್ ಬಂದದ್ದು 1886ರಲ್ಲಿ, ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಕಾಲದಲ್ಲಿ. ಆಗ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಎಲ್ಲ ಅದೇ ಸಂಸ್ಥಾನದಲ್ಲಿದ್ದವು. ಮಳೆಗಾಲದ ಸೀಸನ್ ಒಂದು, ಚಳಿಗಾಲದ್ದು ಒಂದು. ವರ್ಷವಿಡೀ ದಿನಾ ಓಟ ಇರುವುದಿಲ್ಲ, ಆದ್ದರಿಂದ ಹೊರಡುವ ಮೊದಲು ಕ್ಲಬ್ಬಿನ ದಿನಪಟ್ಟಿ ನೋಡಿ.

ಅಲ್ಲಿ ಮೊದಲು ಪ್ಯಾಡಕ್ ಹತ್ತಿರ ನಿಲ್ಲಿ. ಓಟಕ್ಕೆ ಮುಂಚೆ ಕುದುರೆಗಳನ್ನು ಅಲ್ಲಿ ಸುತ್ತು ಹಾಕಿಸುತ್ತಾರೆ. ಮೈ ಹೊಳಪು, ನಡಿಗೆ, ಬೆವರು, ಸಿಟ್ಟು ಎಲ್ಲ ಕಾಣುತ್ತದೆ. ಎತ್ತು ಕೊಳ್ಳಲು ಹೋಗಿ ಕಾಲು ಗೊರಸು ನೋಡಿ ಗೊತ್ತಿರುವ ನಿಮಗೆ ಪಟ್ಟಣದವರಿಗಿಂತ ಇದು ಬೇಗ ಹತ್ತುತ್ತದೆ. ರೇಸ್ ಪುಸ್ತಕದಲ್ಲಿ ಕುದುರೆ ಹೊರುವ ತೂಕ, ಜಾಕಿ, ದೂರ, ಹಿಂದಿನ ಓಟಗಳು ಇರುತ್ತವೆ. ಚೆನ್ನಾಗಿ ಓಡಿದ ಕುದುರೆಗೆ ಹ್ಯಾಂಡಿಕ್ಯಾಪ್ ಓಟದಲ್ಲಿ ಜಾಸ್ತಿ ತೂಕ ಹೊರಿಸುತ್ತಾರೆ, ಎಲ್ಲ ಕುದುರೆಗಳಿಗೂ ಅವಕಾಶ ಇರಲಿ ಅಂತ. ಇಂಥ ತಿಳಿವಳಿಕೆ ಬೇಕಾಗುತ್ತದೆ ಅನ್ನುವ ಕಾರಣಕ್ಕೇ ಸುಪ್ರೀಂ ಕೋರ್ಟ್ 1996ರಲ್ಲಿ ಕುದುರೆ ರೇಸನ್ನು ಕೌಶಲದ ಆಟ ಅಂತ ಹೇಳಿದ್ದು. ಹಾಗಂತ ಬಾಜಿ ಕಟ್ಟಿದವರು ಲಾಭ ಮಾಡುತ್ತಾರೆ ಅಂತಲ್ಲ. ಕ್ಲಬ್ಬೇ ನಡೆಸುವ ಬಾಜಿಗೆ ಟೋಟ್ ಅನ್ನುತ್ತಾರೆ, ಅದರಲ್ಲಿ ಎಲ್ಲರ ರೊಕ್ಕ ಒಂದು ಕಡೆ ಕೂಡಿಸಿ, ಕ್ಲಬ್ಬಿನ ಪಾಲು ಮತ್ತು ತೆರಿಗೆ ಕಳೆದು, ಉಳಿದದ್ದನ್ನು ಗೆದ್ದ ಟಿಕೆಟ್‌ಗಳಿಗೆ ಹಂಚುತ್ತಾರೆ. ಎಲ್ಲರೂ ನಂಬಿದ ಕುದುರೆಯೇ ಗೆದ್ದರೆ ಸಿಗುವುದು ಚೂರು. ಬುಕ್ಕಿ ಹತ್ತಿರ ಆಡಿದರೆ ಬಾಜಿ ಕಟ್ಟಿದ ಹೊತ್ತಿನ ದರ ನಿಮಗೆ ಖಾಯಂ. ಇಲ್ಲೂ ಜಿಎಸ್‌ಟಿ ಶೇ 40, ಬಾಜಿಯ ಪೂರ್ತಿ ಮೊತ್ತದ ಮೇಲೆ. ವಿನ್ (ಕುದುರೆ ಮೊದಲು ಬರಬೇಕು), ಪ್ಲೇಸ್ (ಮೊದಲ ಕೆಲವು ಸ್ಥಾನಗಳಲ್ಲಿ ಬಂದರೆ ಸಾಕು) ಎರಡೇ ಆಡಿ, ಸಣ್ಣ ಟಿಕೆಟ್ ತೆಗೆದುಕೊಳ್ಳಿ. ತನಾಲಾ ಅಂದರೆ ಮೊದಲ ಮೂರು ಕುದುರೆಗಳನ್ನು ಅದೇ ಕ್ರಮದಲ್ಲಿ ಹೇಳುವುದು, ಜಾಕ್‌ಪಾಟ್ ಅಂದರೆ ಸಾಲಾಗಿ ಹಲವು ಓಟ ಹೇಳುವುದು, ಅವು ನಿಮಗೆ ಬೇಡ. ಗೇಟಿನ ಹೊರಗೆ "ಒಳಗಿನ ಸುದ್ದಿ ಇದೆ" ಅಂತ ಟಿಪ್ಸ್ ಮಾರುವವರ ಮಾತು ಕೇಳಬೇಡಿ. ಒಂದೂ ಟಿಕೆಟ್ ಕೊಳ್ಳದೆ ರೇಲಿಂಗ್ ಹಿಡಿದು ನಿಂತು ಕೊನೆಯ ಇನ್ನೂರು ಮೀಟರ್ ನೋಡಿದರೂ ಹೋದದ್ದು ಸಾರ್ಥಕ.

ಈಗ ನಿಮ್ಮ ಗೆಳೆಯನ ವಿಷಯ. ಪ್ರಶ್ನೆಯಲ್ಲಿ ಕೊನೆಗೆ ಬರೆದಿದ್ದೀರಿ, ನನಗೆ ಮುಖ್ಯ ಅನ್ನಿಸಿದ್ದು ಇದೇ. ಅವನನ್ನು ಕ್ಯಾಸಿನೊಗೆ ಕರೆದೊಯ್ಯಬೇಡಿ, ರೇಸಿಗೂ ಬೇಡ. "ನಾವಿದ್ದೇವಲ್ಲ, ನೋಡಿಕೊಳ್ಳುತ್ತೇವೆ" ಅನ್ನುವುದು ಅಲ್ಲಿ ನಡೆಯುವುದಿಲ್ಲ. ಮೂರು ಮಹಡಿ, ನೂರಾರು ಜನ, ನೀವೇ ಆಟದಲ್ಲಿ ಮುಳುಗಿರುತ್ತೀರಿ. ಬಹಳ ಕಳೆದುಕೊಂಡವನ ತಲೆಯಲ್ಲಿ ಒಂದೇ ಮಾತು ಓಡುತ್ತಿರುತ್ತದೆ, ಹೋದದ್ದನ್ನು ಒಂದೇ ರಾತ್ರಿಯಲ್ಲಿ ವಾಪಸ್ ತರಬೇಕು. ಅವನು ಸೋತರೆ ಹಟ, ಗೆದ್ದರೆ ಇನ್ನೂ ಅಪಾಯ. 2025ರ ಆಗಸ್ಟ್‌ನಲ್ಲಿ ಸಂಸತ್ತು ರೊಕ್ಕ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿದ ಮೇಲೆ ದೊಡ್ಡ ರಮ್ಮಿ ಆ್ಯಪ್‌ಗಳು ರೊಕ್ಕದ ಆಟ ನಿಲ್ಲಿಸಿದವು. ಆದರೆ ಆ್ಯಪ್ ನಿಂತ ಮಾತ್ರಕ್ಕೆ ಚಟ ನಿಲ್ಲುವುದಿಲ್ಲ. ಕೆಲವರು ಮಟಕಾ ಚೀಟಿ ಬರೆಸಲು ಹೋಗುತ್ತಾರೆ, ಕೆಲವರು ಹೊರದೇಶದ ಆ್ಯಪ್ ಹುಡುಕುತ್ತಾರೆ. ಅವನು ಎಲ್ಲಿದ್ದಾನೆ ಅಂತ ನಿಮಗೆ ಗೊತ್ತಾ? ಕೇಳಿದ್ದೀರಾ? ಅವನನ್ನು ಬಿಟ್ಟು ಮೂವರೇ ಹೋಗುವುದು ಬೇಸರ ಅನ್ನಿಸಿದರೆ ಪ್ರವಾಸವನ್ನೇ ಬದಲಿಸಿ. ಗೋವಾದಲ್ಲಿ ಕಡಲಿದೆ, ಹಳೇ ಗೋವಾದ ಚರ್ಚುಗಳಿವೆ, ದೂಧಸಾಗರ ಇದೆ, ಒಳ್ಳೆಯ ಮೀನೂಟ ಇದೆ. ನಾಲ್ವರೂ ಹೋಗಿ ಕ್ಯಾಸಿನೊ ಬಿಟ್ಟು ಎಲ್ಲ ನೋಡಿ ಬರಬಹುದು. ನಾನು ನಿಮ್ಮ ಜಾಗದಲ್ಲಿದ್ದರೆ ಅದನ್ನೇ ಮಾಡುತ್ತಿದ್ದೆ.

ಅವನ ಸಾಲ ಎಷ್ಟಿದೆ, ಯಾರಿಗೆ ಕೊಡಬೇಕು ಅನ್ನುವುದನ್ನು ಮೂವರು ಕೂತು ಅವನ ಬಾಯಿಂದಲೇ ಬರೆಸಿಕೊಳ್ಳಿ. ಬೈಯದೆ ಕೇಳಿ, ಬೈದರೆ ಅರ್ಧ ಮುಚ್ಚಿಡುತ್ತಾನೆ. ಮನೆಯವರಿಗೆ ಗೊತ್ತಿಲ್ಲದಿದ್ದರೆ ನೀವು ಪಕ್ಕದಲ್ಲಿ ಕೂತು ಅವನಿಂದಲೇ ಹೇಳಿಸಿ. ಕೈಸಾಲ ತೀರಿಸಲು ಮತ್ತೆ ನಗದು ಅವನ ಕೈಗೆ ಕೊಡಬೇಡಿ, ಕೊಡಬೇಕಾದವರಿಗೇ ನೇರ ಕೊಡಿ. ನಿದ್ದೆ ಇಲ್ಲ, ಯಾರ ಜೊತೆಗೂ ಮಾತಿಲ್ಲ, ಸಾಯುವ ಮಾತು ಆಡುತ್ತಾನೆ ಅಂದರೆ ತಡ ಮಾಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಇರುತ್ತದೆ, ಹಣ ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಮೊದಲ ಸಲ ಅವನೊಬ್ಬನನ್ನೇ ಕಳಿಸಬೇಡಿ, ನಿಮ್ಮಲ್ಲಿ ಒಬ್ಬರು ಜೊತೆಗೆ ಹೋಗಿ.